ಹೊಸ ಟೈರ್‌ಗೆ ದುಡ್ಡು ಹಾಕುವ ಮುಂಚೆ ಹಳೇ ಟೈರಿನ ಒಳ ಅಂಚು ಸವರಿ ನೋಡಿ

"ಟೈರ್ ಎಂಬತ್ತು ಪರ್ಸೆಂಟ್ ಇದೆ ಸಾರ್." ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರ್ ಮಾರುವವರ ಬಾಯಲ್ಲಿ ಈ ಮಾತು ಬರದೇ ಇರುವುದಿಲ್ಲ. ಪೂರ್ತಿ ಸುಳ್ಳು ಅಂತಲೂ ಹೇಳುವ ಹಾಗಿಲ್ಲ. ನಿಂತು ನೋಡಿದರೆ ಕಾಣುವ ಕಡೆ ಟ್ರೆಡ್ (ನೆಲ ಮುಟ್ಟುವ ಗೆರೆಗಳಿರುವ ರಬ್ಬರ್) ಇದ್ದೇ ಇರುತ್ತದೆ. ಆದರೆ ಕಾರನ್ನು ಲಿಫ್ಟ್ ಮೇಲೆ ಏರಿಸಿ ಹಿಂದಿನ ಚಕ್ರದ ಒಳಗಡೆಗೆ ಟಾರ್ಚ್ ಹಿಡಿದರೆ, ಎಷ್ಟೋ ಸಲ ಅಲ್ಲಿ ರಬ್ಬರೇ ಇರುವುದಿಲ್ಲ, ತಂತಿ ಹೊಳೆಯುತ್ತಿರುತ್ತದೆ.

ಮಾಲೀಕರು ಏನು ಮಾಡುತ್ತಾರೆ? ನಾಲ್ಕೂ ಟೈರ್ ಹೊಸದು ಹಾಕಿಸುತ್ತಾರೆ, ಅದೇ ಅಂಗಡಿಯವರು "ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಫ್ರೀ" ಅಂದರೆ ಅದನ್ನೂ ಮಾಡಿಸುತ್ತಾರೆ, ಭಾನುವಾರ ಬೆಳಗ್ಗೆ ನಂದಿಬೆಟ್ಟದ ಕಡೆ ಒಂದು ರೌಂಡ್ ಹೊಡೆದು ಖುಷಿಯಾಗುತ್ತಾರೆ, ಮತ್ತೆ ಸ್ವಲ್ಪ ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಹೊಸ ಟೈರಿನ ಒಳ ಅಂಚೂ ಹೋಗಿರುತ್ತದೆ. ಆಮೇಲೆ ಟೈರ್ ಕಂಪನಿಗೆ ಬೈಗುಳ.

ಹಳೇ ಟೈರನ್ನು ಬಿಚ್ಚಿ ಎಸೆಯುವ ಮುಂಚೆ ಅದನ್ನು ಓದಿ. ಕಾರಿನ ಕೆಳಗೆ ಏನು ಕೆಟ್ಟಿದೆ ಅನ್ನುವುದು ಅದರ ಮೇಲೇ ಇರುತ್ತದೆ. ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಲಾಗಿ, ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಸವರಿ. ತಂತಿ ಎದ್ದಿದ್ದರೆ ಮಾತ್ರ ಕೈ ಹಾಕಬೇಡಿ. ಒಂದು ಕಡೆಗೆ ನುಣ್ಣಗೆ ಜಾರಿ, ಇನ್ನೊಂದು ಕಡೆಗೆ ಗರಗಸದ ಹಲ್ಲು ತಾಗಿದ ಹಾಗೆ ಒರಟಾಗಿ ಸಿಕ್ಕರೆ ಟೋ, ಅಂದರೆ ಚಕ್ರ ನೇರ ನೋಡದೆ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದೆ. ಒಳ ಅಂಚು ಸವೆದಿದೆ ಆದರೆ ನುಣ್ಣಗೇ ಇದೆ ಅಂದರೆ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಕಡೆ ಅನುಮಾನ ಪಡಿ. ಮಧ್ಯದಲ್ಲಿ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ತುಂಬಿಸಿ ಓಡಿಸಿದ್ದಾರೆ. ಅಲ್ಲಲ್ಲಿ ತಗ್ಗು ತಗ್ಗಾಗಿ ಹೋಗಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಇಲ್ಲವೇ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್) ಹೋಗಿರಬಹುದು.

ಉದಾಹರಣೆಗೆ ಒಂದೇ ಕಾರನ್ನು ಹಿಡಿದುಕೊಳ್ಳೋಣ. 2005ರಿಂದ 2012ರವರೆಗೆ ತಯಾರಾದ 987 ಪೀಳಿಗೆಯ ಪೋರ್ಷೆ ಕೇಮನ್ ಎಸ್. ಬೆಂಗಳೂರಿನಲ್ಲಿ ಇದು ಕೈಯಿಂದ ಕೈಗೆ ಓಡಾಡುತ್ತದೆ. ಇಂಜಿನ್ ಸೀಟಿನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಇದೆ. ಅರ್ಧಕ್ಕಿಂತ ಜಾಸ್ತಿ ಭಾರ ಹಿಂದಿನ ಚಕ್ರದ ಮೇಲೆ, ಓಡಿಸುವುದೂ ಅವೇ ಚಕ್ರ. ತಿರುವಿನಲ್ಲಿ ಹಿಡಿತ ಇರಲಿ ಅಂತ ಕಂಪನಿಯೇ ಹಿಂದಿನ ಚಕ್ರದ ಮೇಲ್ಭಾಗವನ್ನು ಒಳಕ್ಕೆ ವಾಲಿಸಿ ಕೊಟ್ಟಿರುತ್ತದೆ, ಸುಮಾರು ಒಂದೂವರೆ ಡಿಗ್ರಿ. ಹಾಗಾಗಿ ಒಳ ಅಂಚು ಸ್ವಲ್ಪ ಬೇಗ ಸವೆಯುವುದು ಈ ಕಾರಿನ ಸ್ವಭಾವ. ಆದರೆ ತಂತಿ ಕಾಣುವಷ್ಟು ಸವೆಯುವುದು ಸ್ವಭಾವ ಅಲ್ಲ. ಕ್ಯಾಂಬರ್ ಒಂದರಿಂದಲೇ ಅಷ್ಟು ಬೇಗ ಟೈರ್ ಹೋಗುವುದಿಲ್ಲ. ಅಲ್ಲಿ ಟೋ ಕೂಡ ಸೇರಿಕೊಂಡಿರುತ್ತದೆ.

ಟೋ ಅಂದರೆ ಪಾದದ ತುದಿ ಒಳಗೆ ತಿರುಗಿಸಿಕೊಂಡು ನಡೆಯುವವರ ಹಾಗೆ, ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರುವುದು. ಡಿಗ್ರಿಯ ಅರವತ್ತನೇ ಭಾಗಕ್ಕೆ ಒಂದು ಮಿನಿಟ್, ಅಲೈನ್‌ಮೆಂಟ್ ಮಷೀನಿನ ಪ್ರಿಂಟ್‌ನಲ್ಲಿ ಟೋ ಸಾಮಾನ್ಯವಾಗಿ ಹಾಗೇ ಬರುತ್ತದೆ. 30 ಮಿನಿಟ್ ಅಂದರೆ ಬರೀ ಅರ್ಧ ಡಿಗ್ರಿ. ಕಣ್ಣಿಗೆ ಕಾಣುವುದೇ ಇಲ್ಲ. ಲೆಕ್ಕ ಹಾಕಿ ನೋಡಿ: ಅರ್ಧ ಡಿಗ್ರಿ ತಿರುಗಿದ ಚಕ್ರ ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಸುಮಾರು 9 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. 10,000 ಕಿಲೋಮೀಟರ್‌ಗೆ ಹತ್ತಿರ ಹತ್ತಿರ 90 ಕಿಲೋಮೀಟರ್ ರಬ್ಬರನ್ನು ಡಾಂಬರಿನ ಮೇಲೆ ಅಡ್ಡಡ್ಡ ಎಳೆದ ಹಾಗಾಯಿತು. ಅದೂ ಕ್ಯಾಂಬರ್‌ನಿಂದಾಗಿ ಭಾರವೆಲ್ಲ ಒಳ ಅಂಚಿಗೆ ಬಿದ್ದಿರುವ ಚಕ್ರ. ತಂತಿ ಕಾಣದೆ ಇನ್ನೇನು ಕಾಣುತ್ತದೆ?

ಹಾಗಂತ ಹಿಂದಿನ ಟೋ ಸೊನ್ನೆ ಮಾಡಿಸಬೇಡಿ. ಸ್ವಲ್ಪ ಟೋ-ಇನ್ (ಒಳಕ್ಕೆ ತಿರುಗಿರುವ ಟೋ) ಇರಲೇಬೇಕು. ಇಲ್ಲದಿದ್ದರೆ ಜೋರಾಗಿ ಹೋಗುವಾಗ ಬ್ರೇಕ್ ಒತ್ತಿದರೆ ಹಿಂಭಾಗ ಅಲ್ಲಾಡುತ್ತದೆ. ಟೈರ್ ಉಳಿಸಲು ಹೋಗಿ ಕಾರನ್ನೇ ಕಳೆದುಕೊಳ್ಳುವ ಕೆಲಸ ಅದು.

ಈಗ ಟೈರ್ ಆಯ್ಕೆಗೆ ಬರೋಣ. ಈ ಕಾರಿಗೆ 18 ಇಂಚಿನ ರಿಮ್ ಇದ್ದರೆ ಮುಂದೆ 235/40, ಹಿಂದೆ 265/40. 19 ಇಂಚಿನ ರಿಮ್ ಇದ್ದರೆ ಮುಂದೆ 235/35, ಹಿಂದೆ 265/35. ಮೊದಲನೆಯದು ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಸೈಡ್‌ವಾಲ್ (ರಿಮ್‌ನಿಂದ ಟ್ರೆಡ್‌ವರೆಗಿನ ಟೈರಿನ ಪಕ್ಕ) ಇದೆ ಅನ್ನುವುದು. ಅಂದರೆ 18ರಲ್ಲಿ ಮುಂದಿನ ಟೈರಿಗೆ 94 ಮಿಲಿಮೀಟರ್ ಸೈಡ್‌ವಾಲ್ ಸಿಗುತ್ತದೆ, 19ರಲ್ಲಿ 82. ಈ ಹನ್ನೆರಡು ಮಿಲಿಮೀಟರ್ ಜರ್ಮನಿಯಲ್ಲಿ ಲೆಕ್ಕಕ್ಕಿಲ್ಲದೆ ಇರಬಹುದು. ಮಳೆ ಮುಗಿದ ಮೇಲಿನ ನಮ್ಮ ಬೆಂಗಳೂರಿನ ಗುಂಡಿಗಳಲ್ಲಿ ಅದು ರಿಮ್ ಉಳಿಯುತ್ತದೋ ಬೆಂಡ್ ಆಗುತ್ತದೋ ಅನ್ನುವ ಪ್ರಶ್ನೆ. ನೋಟಕ್ಕೆ 19 ಚೆಂದ, ಒಪ್ಪುತ್ತೇನೆ. ನನ್ನನ್ನು ಕೇಳಿದರೆ ಮಾತ್ರ 18 ಅಂತಲೇ ಹೇಳುವುದು.

ಅಳತೆ ಸಿಗುವುದಿಲ್ಲ ಅನ್ನುವ ತಕರಾರು ನಿಜವೇ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ ಮೇಲೆ ಇಂಥ ಅಪರೂಪದ ಅಳತೆಗಳು ಹುಡುಕಿದರೆ ಮಾತ್ರ ಸಿಗುತ್ತವೆ. ಆಗ ಅಂಗಡಿಯವರು ಒಂದು ದಾರಿ ತೋರಿಸುತ್ತಾರೆ: "ನಾಲ್ಕಕ್ಕೂ ಒಂದೇ ಸೈಜ್ ಹಾಕಿಬಿಡೋಣ ಸಾರ್, ಮುಂದೆ ಹಿಂದೆ ಬದಲಾಯಿಸಿಕೊಳ್ಳಬಹುದು." ಒಪ್ಪಬೇಡಿ. 18 ಇಂಚಿನಲ್ಲಿ ಮುಂದಿನ ಚಕ್ರದ ಒಟ್ಟು ವ್ಯಾಸ ಸುಮಾರು 645 ಮಿಲಿಮೀಟರ್, ಹಿಂದಿನದು 669. ಈ ವ್ಯತ್ಯಾಸವನ್ನು ನಂಬಿಕೊಂಡೇ ಎಬಿಎಸ್ಸೂ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಸ್ಟೆಬಿಲಿಟಿ ಕಂಟ್ರೋಲೂ (ಕಾರ್ ಜಾರದಂತೆ ತಡೆಯುವುದು) ಕೆಲಸ ಮಾಡುತ್ತವೆ. ಜೊತೆಗೆ ಹಿಂದಿನ ಟೈರ್ ಕಿರಿದಾದರೆ ತಿರುವಿನಲ್ಲಿ ಮೊದಲು ಜಾರುವುದು ಹಿಂಭಾಗವೇ. ಅದು ಗೊತ್ತಾಗುವುದು ಚಾರ್ಮಾಡಿ ಘಾಟಿಯಲ್ಲಿ ಮಳೆ ಬರುವಾಗ.

ಸೈಡ್‌ವಾಲ್ ಮೇಲೆ ಎನ್0, ಎನ್1 ಅಂತ ಇರುವ ಟೈರ್ ಪೋರ್ಷೆಯವರು ತಮ್ಮ ಕಾರಿಗೆ ಪರೀಕ್ಷೆ ಮಾಡಿ ಒಪ್ಪಿದ್ದು. ಬಿಎಂಡಬ್ಲ್ಯೂಗೆ ನಕ್ಷತ್ರದ ಗುರುತು, ಆಡಿಗೆ ಎಒ. ಸಿಕ್ಕರೆ ಅದನ್ನೇ ಹಾಕಿ. ಸಿಗಲಿಲ್ಲ ಅಂತ ಕಾರನ್ನು ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಲ್ಲಿಸಬೇಕಾಗಿಲ್ಲ. ನಾಲ್ಕೂ ಒಂದೇ ಕಂಪನಿಯ ಒಂದೇ ಮಾಡೆಲ್ ಆಗಿರಲಿ, ಲೋಡ್ ಇಂಡೆಕ್ಸೂ ಸ್ಪೀಡ್ ಅಕ್ಷರವೂ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರದಿರಲಿ. ಲೋಡ್ 95 ಅಂದರೆ ಒಂದು ಟೈರ್ 690 ಕಿಲೋ ತಡೆಯುತ್ತದೆ, 91 ಅಂದರೆ 615. ಡಬ್ಲ್ಯೂ ಅಂದರೆ ಗಂಟೆಗೆ 270 ಕಿಲೋಮೀಟರ್, ವೈ ಅಂದರೆ 300. ಅಷ್ಟು ಸ್ಪೀಡಲ್ಲಿ ಯಾರು ಹೋಗುತ್ತಾರೆ ಅಂತ ಕೇಳುವವರಿದ್ದಾರೆ. ಬೇಸಿಗೆಯಲ್ಲಿ ಚಿತ್ರದುರ್ಗದ ಹೈವೇಯಲ್ಲಿ ಬಿಸಿ ತಡೆದುಕೊಳ್ಳುವ ತಾಕತ್ತೂ ಅದೇ ಅಕ್ಷರದ ಜೊತೆಗೇ ಬರುತ್ತದೆ.

ವಯಸ್ಸು ನೋಡುವುದನ್ನು ಮರೆಯಬೇಡಿ. ಸೈಡ್‌ವಾಲ್ ಮೇಲಿನ ಡಾಟ್ (DOT) ಅನ್ನುವ ಬರಹದ ಕೊನೆಯ ನಾಲ್ಕು ಅಂಕಿ 2319 ಅಂತ ಇದ್ದರೆ 2019ರ 23ನೇ ವಾರದ ಟೈರ್. ಈ ನಾಲ್ಕು ಅಂಕಿ ಕೆಲವೊಮ್ಮೆ ಒಳಬದಿಯಲ್ಲಿ ಮಾತ್ರ ಇರುತ್ತವೆ, ಬಗ್ಗಿ ನೋಡಬೇಕು. ಸ್ಪೋರ್ಟ್ಸ್ ಕಾರುಗಳು ಓಡುವುದೇ ಕಮ್ಮಿ. ಟ್ರೆಡ್ ತುಂಬಿಕೊಂಡಿರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಆರು ವರ್ಷ ದಾಟಿದ ಟೈರ್ ಇರುವ ಕಾರನ್ನು ನಾನಂತೂ ಜೋರಾಗಿ ಓಡಿಸುವುದಿಲ್ಲ, ಎಂಬತ್ತು ಪರ್ಸೆಂಟ್ ಇರಲಿ ತೊಂಬತ್ತು ಇರಲಿ. ಮಾರುವವರ ಹತ್ತಿರ ರೇಟ್ ಇಳಿಸಲು ಇದಕ್ಕಿಂತ ಒಳ್ಳೆ ಕಾರಣ ಇನ್ನೊಂದಿಲ್ಲ.

ಟೈರ್ ಬಂತು ಅಂತ ನೇರವಾಗಿ ಅಲೈನ್‌ಮೆಂಟ್‌ಗೆ ಹತ್ತಿಸಬೇಡಿ. ಕಾರನ್ನು ಎತ್ತಿ ಪ್ರತಿ ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಆಮೇಲೆ ಎಡಕ್ಕೆ ಬಲಕ್ಕೆ. ಮೇಲೆ ಕೆಳಗೆ ಆಡಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್, ಮುಂದಿನ ಚಕ್ರ ಎಡ ಬಲ ಆಡಿದರೆ ಟೈ ರಾಡ್ (ಸ್ಟಿಯರಿಂಗ್‌ನಿಂದ ಚಕ್ರಕ್ಕೆ ಹೋಗುವ ಕಡ್ಡಿ) ಸವೆದಿದೆ ಅಂತ. ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬುಷ್ ಸೀಳಿದೆಯಾ ಅಂತ ಲಿವರ್ ಹಾಕಿ ಎಬ್ಬಿಸಿ ನೋಡಬೇಕು. ಇಷ್ಟು ಹಳೆಯ ಕಾರಿನಲ್ಲಿ, ನಮ್ಮ ಹಂಪ್‌ಗಳ ಮೇಲೆ ಹತ್ತಿ ಇಳಿದ ಬುಷ್ ಸರಿ ಇದ್ದರೆ ಅದೃಷ್ಟ. ಬುಷ್ ಹೋದ ಕಾರಿಗೆ ಎಷ್ಟೇ ಒಳ್ಳೆ ಮಷೀನಿನಲ್ಲಿ ಅಲೈನ್‌ಮೆಂಟ್ ಮಾಡಿದರೂ ಆ ನಂಬರ್ ನಿಂತಿದ್ದಾಗ ಮಾತ್ರ ನಿಜ. ಬ್ರೇಕ್ ಒತ್ತಿದ ಕೂಡಲೇ ಬೇರೆ ಆಗಿರುತ್ತದೆ.

ಹಿಂದಿನ ಮಾಲೀಕರು ಚಿಕ್ಕ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸಿದ್ದಾರಾ ಅನ್ನುವುದನ್ನೂ ನೋಡಿ. ತಗ್ಗಿಸಿದಾಗ ಕ್ಯಾಂಬರ್ ಜಾಸ್ತಿಯಾಗುತ್ತದೆ, ಟೋ ಕೂಡ ಬದಲಾಗುತ್ತದೆ. ತಗ್ಗಿಸಿದವರು ಆಮೇಲೆ ನಾಲ್ಕೂ ಚಕ್ರ ಸರಿಮಾಡಿಸಿರುವುದು ಅಪರೂಪ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: "ಅಣ್ಣಾ, ಹಿಂದಿನ ಚಕ್ರ ಅಡ್ಜಸ್ಟ್ ಮಾಡ್ತೀರಾ?" ಸಾಮಾನ್ಯವಾಗಿ ಮುಂದಿನ ಟೋ ಒಂದನ್ನು ತಿರುಗಿಸಿ, ಸ್ಟಿಯರಿಂಗ್ ನೇರ ಮಾಡಿ ಕಳಿಸುತ್ತಾರೆ. ಸಣ್ಣ ಕಾರುಗಳಿಗೆ ಅಷ್ಟು ಸಾಕು, ಹಿಂದೆ ತಿರುಗಿಸಲು ಏನೂ ಇರುವುದೂ ಇಲ್ಲ. ಕೇಮನ್‌ನಲ್ಲಿ ಹಿಂದೆ ಕ್ಯಾಂಬರ್‌ಗೆ ಒಂದು, ಟೋಗೆ ಒಂದು ಅಡ್ಜಸ್ಟ್ ಬೋಲ್ಟ್ ಇದೆ. ಮುಂದಿನ ಕ್ಯಾಂಬರ್ ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಸೇರಿದ ಕಂಬ) ಮೇಲ್ಗಡೆ ಸರಿಯುತ್ತದೆ. ಯಾವಾಗಲೂ ಹಿಂದಿನದು ಮೊದಲು. ಹಿಂದಿನ ಚಕ್ರಗಳು ಯಾವ ದಿಕ್ಕಿಗೆ ತಳ್ಳುತ್ತವೆ ಅನ್ನುವುದು ತೀರ್ಮಾನವಾದ ಮೇಲೆ ಮುಂದಿನದನ್ನು ಅದಕ್ಕೆ ಹೊಂದಿಸಬೇಕು. ಮಂಗಳೂರು, ಉಡುಪಿ ಕಡೆ ಇದ್ದ ಕಾರಾದರೆ ಈ ಬೋಲ್ಟ್‌ಗಳು ತುಕ್ಕು ಹಿಡಿದು ಬುಷ್‌ಗೇ ಅಂಟಿಕೊಂಡಿರುತ್ತವೆ. ಆಗ ಕತ್ತರಿಸಿ ತೆಗೆದು ಹೊಸದು ಹಾಕುವುದು ಬಿಟ್ಟು ಬೇರೆ ದಾರಿ ಇಲ್ಲ. "ತಿರುಗ್ತಿಲ್ಲ ಸಾರ್, ಪರವಾಗಿಲ್ಲ ಬಿಡಿ" ಅಂದರೆ ಬೇರೆ ಅಂಗಡಿ ನೋಡಿ.

ಮಷೀನಿನಲ್ಲಿ ಸರಿಯಾದ ಮಾಡೆಲ್ ಆರಿಸಿದ್ದಾರಾ ಅಂತ ಸ್ಕ್ರೀನ್ ನೋಡಿ. ಪಿಎಎಸ್‌ಎಂ (ಶಾಕ್‌ನ ಗಟ್ಟಿತನವನ್ನು ತಾನೇ ಬದಲಿಸುವ) ಸಸ್ಪೆನ್ಷನ್ ಇರುವ ಕೇಮನ್ ಮಾಮೂಲಿಗಿಂತ 10 ಮಿಲಿಮೀಟರ್ ತಗ್ಗು. ಅಳತೆ ಮಿತಿಯೊಳಗಿದೆ ಅಂತ ಸ್ಕ್ರೀನ್‌ನಲ್ಲಿ ಹಸಿರು ಬಂತು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಎಡದ ಚಕ್ರ ಹಸಿರಿನ ಈ ತುದಿಯಲ್ಲಿ, ಬಲದ್ದು ಆ ತುದಿಯಲ್ಲಿ ಇದ್ದರೂ ಎರಡೂ ಹಸಿರೇ ಅಲ್ವಾ? ಎಡ ಬಲ ಹತ್ತಿರ ಹತ್ತಿರ ಒಂದೇ ಇರಬೇಕು. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಎರಡೂ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ.

ಎಲ್ಲ ಆದ ಮೇಲೂ ಕಾರ್ ಸ್ವಲ್ಪ ಎಡಕ್ಕೆ ಎಳೆದರೆ ಗಾಬರಿ ಬೇಡ. ನೀರು ಹರಿಯಲಿ ಅಂತ ನಮ್ಮ ರಸ್ತೆಗಳು ಅಂಚಿಗೆ ಇಳಿಜಾರಾಗಿರುತ್ತವೆ, ನಾವು ಓಡಿಸುವುದು ಎಡಗಡೆ. ಜಾಸ್ತಿ ಎಳೆದರೆ ಮುಂದಿನ ಎರಡು ಚಕ್ರವನ್ನು ಅದಲು ಬದಲು ಮಾಡಿ ನೋಡಿ. ಒಂದೇ ದಿಕ್ಕಿಗೆ ಉರುಳಬೇಕು ಅಂತ ಬಾಣದ ಗುರುತಿರುವ ಟೈರ್ ಆದರೆ ಮಾತ್ರ ಹಾಗೆ ಮಾಡಬೇಡಿ. ಎಳೆತ ಇನ್ನೊಂದು ಕಡೆಗೆ ಹೋಯಿತಾ? ಹಾಗಾದರೆ ದೋಷ ಟೈರಿನದ್ದು, ಅಲೈನ್‌ಮೆಂಟ್ ಅಲ್ಲ.

ಚಕ್ರ ವಾಪಸ್ ಹಾಕುವಾಗ ಏರ್ ಗನ್ ಹಿಡಿದು ಡರ್‌ರ್ ಅಂತ ಟೈಟ್ ಮಾಡಲು ಬಿಡಬೇಡಿ. ಈ ಕಾರಿನ ಬೋಲ್ಟ್‌ಗಳಿಗೆ 130 ನ್ಯೂಟನ್ ಮೀಟರ್ ಸಾಕು, ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು. 987ರಲ್ಲಿ ಸ್ಟೆಪ್ನಿ ಇಲ್ಲ. ಬರೋದು ಪಂಕ್ಚರ್ ದ್ರವ ಮತ್ತು ಗಾಳಿ ತುಂಬುವ ಪುಟ್ಟ ಪಂಪು ಮಾತ್ರ. ಆ ದ್ರವದ ಬಾಟಲಿಗೂ ಎಕ್ಸ್‌ಪೈರಿ ಡೇಟ್ ಇರುತ್ತದೆ, ಹಳೇ ಮಾಲೀಕರು ಅದನ್ನು ತೆರೆದೂ ನೋಡಿರುವುದಿಲ್ಲ.