ಎಣ್ಮಕಜೆಯ ಕರುಗಳು, ಹ್ಯಾಂಬರ್ಗ್‌ನ ಸಭೆ: ದನದ ಡಾಕ್ಟರರ ಮಾತಿಗೆ ಕಿವಿ ಬಂದದ್ದು ಯಾವಾಗ?

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು ಅಂದ ಕೂಡಲೇ ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಾಗುತ್ತದೆ. ಕಾಯಿಲೆ ಬಿದ್ದ ಮಕ್ಕಳ ಫೋಟೋಗಳನ್ನು ದೇಶವೇ ನೋಡಿದೆ. ಅದಕ್ಕಿಂತ ಎಷ್ಟೋ ಮೊದಲು, 1979ರ ಹೊತ್ತಿಗೆ, ಅಲ್ಲಿನ ಪಡ್ರೆಯ ಕೃಷಿಕರೊಬ್ಬರ ಹಟ್ಟಿಯಲ್ಲಿ ಕಾಲು ಸೊಟ್ಟಗಾದ, ಸರಿಯಾಗಿ ಬೆಳೆಯದ ಕರುಗಳು ಕಾಣಿಸಿಕೊಂಡಿದ್ದವು. ಗುಡ್ಡದ ಮೇಲಿನ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಇದೇ ಮದ್ದು ಬಿಡುತ್ತಿದ್ದ ಕಾಲ ಅದು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಎರಡನ್ನೂ ಜೋಡಿಸಿ ಬರೆದರು. ಬರೆದದ್ದು ಅಚ್ಚಾಯಿತು. ಹೆಲಿಕಾಪ್ಟರ್ ಮಾತ್ರ ವರ್ಷ ವರ್ಷ ಬರುತ್ತಲೇ ಇತ್ತು, 2000ದವರೆಗೆ.

ಹಟ್ಟಿಯಲ್ಲಿ ಕಂಡದ್ದು ಮನೆಯೊಳಗೆ ಕಾಣುವ ತನಕ ಯಾರೂ ಏಳುವುದಿಲ್ಲ. ಇದು ನಮ್ಮ ಊರಿನ ದೋಷ ಮಾತ್ರ ಅಂದುಕೊಳ್ಳಬೇಡಿ. ಪಶುವೈದ್ಯರ ಇನ್ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ಇದೇ ಸಂಗತಿ ಮತ್ತೆ ಮತ್ತೆ ಬರುತ್ತದೆ.

ನಮಗೆ ದನದ ಡಾಕ್ಟರು ಅಂದರೆ ಹಸು ಬೆದೆಗೆ ಬಂದಾಗ ಇಂಜೆಕ್ಷನ್ ಕೊಡುವವರು, ಕೆಚ್ಚಲು ಬಾವಿಗೆ ಮದ್ದು ಬರೆಯುವವರು. ಆದರೆ ಈ ಕಸುಬಿಗೆ ಶಾಲೆ ಹುಟ್ಟಿದ್ದೇ ಇದಕ್ಕಿಂತ ದೊಡ್ಡ ಭಯದಿಂದ. ದನದ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, ಯುರೋಪಿನ ಹಟ್ಟಿಗಳನ್ನು ಬರಿದು ಮಾಡುತ್ತಿತ್ತು. ಫ್ರಾನ್ಸಿನ ಲಿಯೋನ್‌ನಲ್ಲಿ ಕ್ಲಾಡ್ ಬೂರ್ಜೆಲಾ ಎಂಬವರಿಗೆ ಪಶುವೈದ್ಯ ಶಾಲೆ ತೆರೆಯಲು 1761ರಲ್ಲಿ ರಾಜನ ಅನುಮತಿ ಸಿಕ್ಕಿತು. ಬೂರ್ಜೆಲಾ ಕುದುರೆ ಸವಾರಿ ಕಲಿಸುತ್ತಿದ್ದವರು. ಪ್ರಾಣಿಯ ದೇಹ, ಮನುಷ್ಯನ ದೇಹ ಎರಡನ್ನೂ ಒಟ್ಟಿಗೆ ಓದಿದರೇ ಎರಡೂ ಅರ್ಥವಾಗುವುದು ಎಂದು ಅವರು ಆಗಲೇ ನಂಬಿದ್ದರು.

ನೂರು ವರ್ಷದ ನಂತರ, 1863ರಲ್ಲಿ, ಎಡಿನ್‌ಬರೋದ ಜಾನ್ ಗಾಮ್‌ಜಿ ಯುರೋಪಿನ ಪಶುವೈದ್ಯರನ್ನು ಜರ್ಮನಿಯ ಹ್ಯಾಂಬರ್ಗ್‌ಗೆ ಕರೆದರು. ಹಡಗು, ರೈಲುಗಳಲ್ಲಿ ದನ ಸಾಗಿಸುವುದು ಜಾಸ್ತಿಯಾಗಿತ್ತು. ಜೊತೆಗೆ ರೋಗವೂ ಸಾಗುತ್ತಿತ್ತು. ಇಂದಿನ ವಿಶ್ವ ಪಶುವೈದ್ಯ ಸಂಘದ ಬೇರು ಇರುವುದು ಈ ಸಭೆಯಲ್ಲೇ. ಹೊರಗಿನಿಂದ ಬರುವ ದನಗಳನ್ನು ತಪಾಸಣೆ ಇಲ್ಲದೆ ಇಳಿಸಬೇಡಿ ಎಂದು ಗಾಮ್‌ಜಿ ಬ್ರಿಟನ್ನಿಗೆ ಹೇಳುತ್ತಲೇ ಬಂದರು. ವ್ಯಾಪಾರ ಕೆಡುತ್ತದೆ ಅಂತ ಯಾರೂ ಕೇಳಲಿಲ್ಲ. 1865ರಲ್ಲಿ ಬಾಲ್ಟಿಕ್ ಕಡೆಯಿಂದ ಹಲ್ ಬಂದರಿಗೆ ಬಂದ ದನಗಳ ಜೊತೆ ದೊಡ್ಡರೋಗ ಇಳಿಯಿತು. ಅಲ್ಲಿಂದ ಮುಂದಕ್ಕೆ ಲಕ್ಷಾಂತರ ದನಗಳು ಹೋದವು. ಆಮೇಲೆಯೇ ಬ್ರಿಟನ್ನಿನಲ್ಲಿ ಸರ್ಕಾರಿ ಪಶುವೈದ್ಯ ಇಲಾಖೆ ಹುಟ್ಟಿದ್ದು.

ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಮನುಷ್ಯರನ್ನು ಕೊಂದಿದೆ. 1880ರ ದಶಕದ ಕೊನೆಗೆ ಅದು ಇಥಿಯೋಪಿಯಾಕ್ಕೆ ಹೊಕ್ಕಿತು. ಉಳುವ ಎತ್ತಿಲ್ಲ, ಹಾಲಿಲ್ಲ, ಬೀಜ ಬಿತ್ತುವ ಹಾಗಿಲ್ಲ. ಹಸಿವಿನಿಂದ ಸತ್ತವರು ಜನಸಂಖ್ಯೆಯ ಮೂರರಲ್ಲಿ ಒಂದು ಪಾಲು ಎಂಬ ಅಂದಾಜಿದೆ. ದನದ ಕಾಯಿಲೆ ಬೇರೆ, ಜನರ ಆರೋಗ್ಯ ಬೇರೆ ಅನ್ನುವವರು ಇದನ್ನೊಮ್ಮೆ ನೋಡಬೇಕು.

1920ರಲ್ಲಿ ಮತ್ತೆ ಎಚ್ಚರಿಸಿದ್ದು ನಮ್ಮ ದೇಶದ ದನಗಳೇ. ಭಾರತದಿಂದ ಬ್ರೆಜಿಲಿಗೆ ಹೊರಟ ಡುಬ್ಬದ ದನಗಳನ್ನು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಇಳಿಸಿದ್ದರು. ಅಲ್ಲಿಂದ ರೋಗ ಹಬ್ಬಿತು. ಅದರ ಪರಿಣಾಮವಾಗಿ 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್ಸಿನಲ್ಲಿ ಒಂದು ಸಂಸ್ಥೆ ಕಟ್ಟಿದವು. ಅದೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ. ಮನುಷ್ಯರಿಗಾಗಿ ಇರುವ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ್ದು 1948ರಲ್ಲಿ. ದನಗಳದ್ದೇ 24 ವರ್ಷ ಹಿರಿದು!

ಭಾರತದಲ್ಲಿ ಮುಕ್ತೇಶ್ವರದ ಪ್ರಯೋಗಾಲಯ 1920ರ ದಶಕದಲ್ಲಿ ಆಡಿನ ಮೂಲಕ ಲಸಿಕೆ ತಯಾರಿಸಿತು. 1954ರಲ್ಲಿ ದೇಶಾದ್ಯಂತ ಲಸಿಕೆ ಕಾರ್ಯಕ್ರಮ ಶುರುವಾಯಿತು. ದೇಶದ ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ ಸಿಕ್ಕಿತು. ಜಗತ್ತಿನಿಂದಲೇ ರೋಗ ಹೋಯಿತು ಎಂದು ಪ್ಯಾರಿಸ್ಸಿನಲ್ಲಿ ಘೋಷಿಸಿದ್ದು 2011ರ ಮೇ ತಿಂಗಳಲ್ಲಿ. ಸಿಡುಬಿನ ನಂತರ ಮನುಷ್ಯ ಬುಡಸಮೇತ ಕಿತ್ತ ಎರಡನೆಯ ರೋಗ ಇದು. ಅದೇ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಲು ಹೇಳಿತು. ಕಾಕತಾಳೀಯ ಅಷ್ಟೇ. ಆದರೆ ಕಾಸರಗೋಡಿನವರಿಗೆ ಆ ತಿಂಗಳು ನೆನಪಿದೆ.

ಇನ್ನು ಮಲೇಷ್ಯಾದ ಕತೆ. 1998ರಲ್ಲಿ ಇಪೋ ಹತ್ತಿರದ ಹಂದಿ ಫಾರ್ಮ್‌ಗಳಲ್ಲಿ ದುಡಿಯುವವರು ಮಿದುಳು ಜ್ವರದಿಂದ ಸಾಯತೊಡಗಿದರು. ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್ ಇರಬೇಕು ಅಂತ ಸರ್ಕಾರ ಹೊಗೆ ಹಾಕಿಸಿತು, ಲಸಿಕೆ ಕೊಡಿಸಿತು. ಲಸಿಕೆ ತೆಗೆದುಕೊಂಡವರೂ ಸತ್ತರು. ಆ ಹೊತ್ತಿಗೆ ಹಂದಿಗಳೂ ಜೋರಾಗಿ ಕೆಮ್ಮುತ್ತಿದ್ದವು. ಜಪಾನೀಸ್ ಜ್ವರದಲ್ಲಿ ದೊಡ್ಡ ಹಂದಿಗಳು ಹಾಗೆ ಕಾಯಿಲೆ ಬೀಳುವುದಿಲ್ಲ. ಸುಳಿವು ಗೂಡಿನಲ್ಲೇ ಇತ್ತು, ಹುಡುಕಾಟ ಸೊಳ್ಳೆಯ ಹಿಂದೆ ಹೋಗಿತ್ತು. 1999ರಲ್ಲಿ ವೈರಸ್ ಸಿಕ್ಕಿತು. ಅದೇ ನಿಪಾ. ಹಂದಿಗೂಡಿನ ಪಕ್ಕದ ಹಣ್ಣಿನ ಮರಗಳಿಗೆ ಬಂದ ಬಾವಲಿಗಳಿಂದ ಹಂದಿಗೆ, ಹಂದಿಯಿಂದ ಮನುಷ್ಯರಿಗೆ. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು 10 ಲಕ್ಷ ಹಂದಿಗಳನ್ನು ಕೊಂದರು. 2018ರಲ್ಲಿ ಅದು ಕೋಯಿಕ್ಕೋಡಿಗೆ ಬಂದಾಗ ನಮಗೂ ಹೆಸರು ಬಾಯಿಪಾಠವಾಯಿತು.

ನಮ್ಮಲ್ಲಿ ನಡೆದದ್ದೂ ಹೆಚ್ಚುಕಮ್ಮಿ ಹೀಗೆಯೇ. 1990ರ ದಶಕದಲ್ಲಿ ಎಣ್ಮಕಜೆಯ ಸ್ವರ್ಗ, ವಾಣಿನಗರ ಭಾಗದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಗೆ ಒಂದೇ ಕಡೆ ಇಷ್ಟು ಕಾಯಿಲೆ ಯಾಕೆ ಅಂತ ಅನುಮಾನ ಬಂತು. ಮೊದಲು ಅನುಮಾನಪಟ್ಟದ್ದು ನೀರನ್ನು: ಭಾರ ಲೋಹವೋ, ವಿಕಿರಣವೋ ಅಂತ. ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ನಮ್ಮ ಜಿಲ್ಲೆಯದೇ ಹೊಸದುರ್ಗ ಕೋರ್ಟಿಗೆ ಹೋಗಿ 1998ರಲ್ಲಿ ಮದ್ದು ಬಿಡುವುದಕ್ಕೆ ತಡೆಯಾಜ್ಞೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಮಾದರಿಗಳನ್ನು ಪರೀಕ್ಷಿಸಿತು. ಅದರಲ್ಲಿ ಜನರ ರಕ್ತವೂ ಇತ್ತು, ಹಸುವಿನ ಹಾಲೂ ಇತ್ತು. ಎಲ್ಲ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವಾ ಎಂಬ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಹಟ್ಟಿ, ಜೇನುಪೆಟ್ಟಿಗೆ, ತೋಡಿನ ಮೀನು, ಆಸ್ಪತ್ರೆ ಇವೆಲ್ಲದರ ಲೆಕ್ಕವನ್ನು 1979ರಿಂದ ಒಂದೇ ಕಡೆ ಬರೆದಿಟ್ಟಿದ್ದರೆ ಆ ಜಗಳ ಇಷ್ಟು ಉದ್ದವಾಗುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಪಶುವೈದ್ಯರೇ ಯಾವಾಗಲೂ ಸರಿ ಅಂತಲೂ ಅಲ್ಲ. ದನದ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ದೇಶದ ರಣಹದ್ದುಗಳನ್ನು ಹೆಚ್ಚುಕಮ್ಮಿ ಮುಗಿಸಿಬಿಟ್ಟಿತು. ಮದ್ದು ಉಳಿದ ಹೆಣ ತಿಂದ ಹದ್ದಿನ ಕಿಡ್ನಿ ಕೆಡುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ದನಗಳಿಗೆ ಅದನ್ನು ತಯಾರಿಸುವುದನ್ನು ಭಾರತ 2006ರಲ್ಲಿ ನಿಷೇಧಿಸಿತು. ಹತ್ತಿರದ ಉದಾಹರಣೆಯೂ ಇದೆ. ಹಾಲು ಜಾಸ್ತಿಯಾಗಲಿ ಅಂತ ಕೇರಳ 1961ರಲ್ಲಿ ತಂದ ಕಾನೂನಿನ ಪ್ರಕಾರ ಲೈಸೆನ್ಸ್ ಇಲ್ಲದ ಹೋರಿಗಳ ಬೀಜ ಒಡೆಯಬೇಕಿತ್ತು. ಊರ ತಳಿಗಳು ಕರಗಿದವು. ಕಾಸರಗೋಡು ಗಿಡ್ಡ ಈಗ ಬೇಳದ ಸರ್ಕಾರಿ ಫಾರ್ಮ್‌ನಲ್ಲಿ, ಕೆಲವು ಗೋಶಾಲೆಗಳಲ್ಲಿ, ಹಟ ಹಿಡಿದು ಸಾಕುವವರ ಹಟ್ಟಿಗಳಲ್ಲಿ ಉಳಿದಿದೆ. ಆದರೆ ವೆಚ್ಚೂರು ತಳಿಯನ್ನು ಉಳಿಸಲು 1989ರಲ್ಲಿ ಹೊರಟವರೂ ಮಣ್ಣುತ್ತಿ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳೇ. ಅದನ್ನೂ ಹೇಳಬೇಕು, ಅಲ್ವಾ?

ದನ, ಜನ, ಪರಿಸರ ಮೂರನ್ನೂ ಒಟ್ಟಿಗೆ ನೋಡುವ ಈ ದಾರಿಗೆ ಈಗ 'ಒನ್ ಹೆಲ್ತ್' ಎಂಬ ಹೆಸರಿದೆ. 2022ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗವೂ ಆರೋಗ್ಯ, ಆಹಾರ, ಪ್ರಾಣಿ ಸಂಸ್ಥೆಗಳ ಜೊತೆ ಸೇರಿತು. ಕೇರಳವೂ ಒನ್ ಹೆಲ್ತ್ ಯೋಜನೆ ಶುರುಮಾಡಿತು. ಮೊದಲಿಗೆ ಆರಿಸಿದ ಜಿಲ್ಲೆಗಳು ನಾಲ್ಕು: ಆಲಪ್ಪುಳ, ಕೋಟ್ಟಯಂ, ಪತ್ತನಂತಿಟ್ಟ, ಇಡುಕ್ಕಿ. ಅಲ್ಲಿ ಹಕ್ಕಿಜ್ವರ, ಇಲಿಜ್ವರದ ಕಾಟ ಇದೆ ನಿಜ. ಆದರೂ ಪಟ್ಟಿ ಓದಿದ ಕಾಸರಗೋಡಿನವರಿಗೆ ಸ್ವಲ್ಪ ಕಸಿವಿಸಿ ಆಗದೆ ಇರದು.

2023ರ ಜನವರಿಯಲ್ಲಿ ಎಣ್ಮಕಜೆ ಪಂಚಾಯತಿನದೇ ಕಾಟುಕುಕ್ಕೆಯ ಹಂದಿ ಫಾರ್ಮ್‌ನಲ್ಲಿ ಆಫ್ರಿಕನ್ ಹಂದಿಜ್ವರ ಪತ್ತೆಯಾಯಿತು. ಅದು ಮನುಷ್ಯರಿಗೆ ಬರುವ ರೋಗವಲ್ಲ. ಫಾರ್ಮ್‌ನ ಹಂದಿಗಳನ್ನು ಕೊಲ್ಲಲು ಆದೇಶವಾಯಿತು, ಸುತ್ತ ನಿರ್ಬಂಧ ಬಂತು. ಈ ಸಲ ರೋಗದ ಹೆಸರು ಗೊತ್ತಾದ ಕೂಡಲೇ ಇಲಾಖೆ ಓಡಿತು. ಹೆಸರು ಗೊತ್ತಿರುವ ರೋಗಕ್ಕೆ ನಿಯಮ ಇದೆ, ಲ್ಯಾಬ್ ಇದೆ, ಪರಿಹಾರವೂ ಇದೆ. ಒಂದೇ ತೋಡಿನ ಬದಿಯ ನಾಲ್ಕು ಹಟ್ಟಿಗಳಲ್ಲಿ ಹಸುಗಳು ಕಂದು ಹಾಕಿದರೆ, ಆ ಮನೆಯವರಿಗೂ ಬಿಟ್ಟುಬಿಟ್ಟು ಜ್ವರ ಬಂದರೆ, ಮೃಗಾಸ್ಪತ್ರೆಯ ಪುಸ್ತಕವನ್ನೂ ಹೆಲ್ತ್ ಸೆಂಟರಿನ ಪುಸ್ತಕವನ್ನೂ ಒಟ್ಟಿಗೆ ಬಿಡಿಸಿ ನೋಡುವ ಕೆಲಸ ಯಾರದ್ದು ಎಂಬುದು ಮಾತ್ರ ಇನ್ನೂ ಪ್ರಶ್ನೆಯೇ.