ಪದ ಪರಿಚಯ: ಚಾರ್ಟ್ ಕ್ಯಾಂಪೇನ್, ಅಂದರೆ ದುಡ್ಡು ಕೊಟ್ಟು ಹಾಕುವ ಓಟು

ಬ್ರಿಟನ್ನಿನ ಸಂಗೀತದ ಸುದ್ದಿ ಓದುವವರಿಗೆ ಡಿಸೆಂಬರ್ ಬಂತೆಂದರೆ ಒಂದು ಮಾತು ಕಣ್ಣಿಗೆ ಬೀಳುತ್ತದೆ: ಚಾರ್ಟ್ ಕ್ಯಾಂಪೇನ್. ಕೇಳಿದ ತಕ್ಷಣ ಯಾವುದೋ ಮ್ಯೂಸಿಕ್ ಕಂಪನಿಯ ಜಾಹೀರಾತು ಅನ್ನಿಸುತ್ತದೆ. ಆದರೆ ಇದನ್ನು ಮಾಡುವವರು ಕೇಳುಗರೇ. ಸಾವಿರಾರು ಜನ ಮಾತಾಡಿಕೊಂಡು, ಒಂದೇ ವಾರದಲ್ಲಿ, ಒಂದೇ ಹಾಡನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹಾಡು ಪಟ್ಟಿಯ ಮೇಲಕ್ಕೆ ಏರಬೇಕು, ಅಷ್ಟೇ ಉದ್ದೇಶ. ಹೆಚ್ಚಾಗಿ ಅದು ಹಳೇ ಹಾಡು. ಎದುರಿಗೆ ಇರುತ್ತಿದ್ದದ್ದು ಹೆಚ್ಚಾಗಿ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಆಗಷ್ಟೇ ಗೆದ್ದವರ ಹೊಸ ಹಾಡು.

ಮೊದಲು ಚಾರ್ಟ್ ಅಂದರೆ ಏನು ಅಂತ ನೋಡೋಣ, ಯಾಕೆಂದರೆ ನಮ್ಮಲ್ಲಿ ಅದಕ್ಕೆ ಸರಿಸಾಟಿಯಾದದ್ದು ಇಲ್ಲ. ನಮಗೆ ಹಾಡು ಅಂದರೆ ಬಹುತೇಕ ಸಿನಿಮಾ ಹಾಡು. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಒಂದು ಹಾಡನ್ನು ಬಿಡಿಯಾಗಿ, 'ಸಿಂಗಲ್' ಅಂತ ಮಾರುತ್ತಾರೆ. ವಾರದಲ್ಲಿ ಯಾವ ಸಿಂಗಲ್ ಎಷ್ಟು ಮಾರಿತು ಅಂತ ಎಣಿಸಿ ಮಾಡುವ ಪಟ್ಟಿಯೇ ಚಾರ್ಟ್. 1952ರ ನವೆಂಬರ್‌ನಲ್ಲಿ ಒಂದು ಸಂಗೀತ ಪತ್ರಿಕೆ ಇದನ್ನು ಶುರು ಮಾಡಿತು. ಆಮೇಲೆ ರೇಡಿಯೊಗೆ ಬಂತು. ಭಾನುವಾರ ಸಂಜೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹಾಡು ಹಾಕುತ್ತಾ ಹೋಗಿ ಕೊನೆಯಲ್ಲಿ ನಂಬರ್ ಒನ್ ಯಾವುದು ಅಂತ ಹೇಳುವುದನ್ನು ಎಷ್ಟೋ ಮನೆಗಳಲ್ಲಿ ಮಕ್ಕಳು ಕ್ಯಾಸೆಟ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಾ ಕಾಯುತ್ತಿದ್ದರು.

ವರ್ಷದ 52 ವಾರಗಳಲ್ಲಿ ಒಂದು ವಾರಕ್ಕೆ ಬೇರೆಯೇ ಬೆಲೆ. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಮೊದಲ ಸ್ಥಾನದಲ್ಲಿ ಇರುವ ಹಾಡಿಗೆ 'ಕ್ರಿಸ್‌ಮಸ್ ನಂಬರ್ ಒನ್' ಅನ್ನುತ್ತಾರೆ. 1973ರಲ್ಲಿ ಸ್ಲೇಡ್ ಮತ್ತು ವಿಝಾರ್ಡ್ ಅನ್ನುವ ಎರಡು ಬ್ಯಾಂಡ್‌ಗಳು ಹಬ್ಬದ ಹಾಡು ಇಟ್ಟುಕೊಂಡು ಪೈಪೋಟಿಗೆ ಬಿದ್ದವು, ಸ್ಲೇಡ್ ಗೆದ್ದಿತು. ಅಲ್ಲಿಂದ ಈ ಪಟ್ಟಕ್ಕಾಗಿ ಓಡುವುದೇ ಹಬ್ಬದ ಒಂದು ಭಾಗವಾಯಿತು. ಯಾವ ಹಾಡು ಗೆಲ್ಲುತ್ತದೆ ಅಂತ ಜನ ಬಾಜಿ ಕಟ್ಟುತ್ತಾರೆ. ಪತ್ರಿಕೆಗಳು ಬರೆಯುತ್ತವೆ. ಒಳ್ಳೆಯ ಹಾಡೇ ಗೆಲ್ಲಬೇಕು ಅಂತ ಏನಿಲ್ಲ, ಮಕ್ಕಳ ಗೊಂಬೆಯ ಹಾಡುಗಳೂ ಗೆದ್ದಿವೆ. ಮುಖ್ಯವಾದದ್ದು ಒಂದೇ, ಭಾನುವಾರದ ತನಕ ಉತ್ತರ ಯಾರಿಗೂ ಗೊತ್ತಿರುತ್ತಿರಲಿಲ್ಲ.

ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಆದ ಜಗಳವೆಲ್ಲ ಇದರ ಸುತ್ತಲೇ.

2004ರಲ್ಲಿ ಐಟಿವಿ ಚಾನೆಲ್‌ನಲ್ಲಿ 'ದಿ ಎಕ್ಸ್ ಫ್ಯಾಕ್ಟರ್' ಅನ್ನುವ ಹಾಡಿನ ಸ್ಪರ್ಧೆ ಶುರುವಾಯಿತು. ಸೈಮನ್ ಕೋವೆಲ್ ಅದರ ಹಿಂದಿನ ತಲೆ. ಶೋ ಚೆನ್ನಾಗಿ ಓಡಿತು, ಅದರಲ್ಲಿ ಅನುಮಾನವಿಲ್ಲ, ಫೈನಲ್ ನೋಡುವವರು ಕೋಟಿ ದಾಟುತ್ತಿದ್ದರು. ಫೈನಲ್ ಇರುತ್ತಿದ್ದದ್ದು ಡಿಸೆಂಬರ್ ಮಧ್ಯದಲ್ಲಿ. ಗೆದ್ದವರ ಹಾಡು ಮೊದಲೇ ರೆಕಾರ್ಡ್ ಆಗಿರುತ್ತಿತ್ತು. ಫಲಿತಾಂಶ ಬಂದ ಕೂಡಲೇ, ಜನರ ಕಣ್ಣೀರು ಆರುವ ಮೊದಲೇ, ಅದು ಮಾರಾಟಕ್ಕೆ ಬರುತ್ತಿತ್ತು. ಮುಂದಿನ ವಾರವೇ ಕ್ರಿಸ್‌ಮಸ್ ಚಾರ್ಟ್. 2005ರಲ್ಲಿ ಶೇನ್ ವಾರ್ಡ್, 2006ರಲ್ಲಿ ಲಿಯೋನಾ ಲೂಯಿಸ್, 2007ರಲ್ಲಿ ಲಿಯಾನ್ ಜ್ಯಾಕ್ಸನ್, 2008ರಲ್ಲಿ ಅಲೆಕ್ಸಾಂಡ್ರಾ ಬರ್ಕ್. ನಾಲ್ಕು ವರ್ಷ, ನಾಲ್ಕೂ ಸಲ ಆ ಶೋದವರೇ. ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಸೆಪ್ಟೆಂಬರ್‌ನಲ್ಲೇ ಹೇಳಬಹುದಿತ್ತು, ಈ ಸಲವೂ ಗೆಲ್ಲುವುದು ಎಕ್ಸ್ ಫ್ಯಾಕ್ಟರ್, ಹೆಸರು ಮಾತ್ರ ಆಮೇಲೆ ತಿಳಿಯುತ್ತದೆ ಅಂತ.

ಇದಕ್ಕೆ ಎದುರು ನಿಲ್ಲಲು ಸಾಧ್ಯವಾದದ್ದು ಒಂದು ನಿಯಮ ಬದಲಾದದ್ದರಿಂದ. ಮೊದಲೆಲ್ಲ ಹಾಡು ಚಾರ್ಟ್‌ಗೆ ಬರಬೇಕಾದರೆ ಅದರ ಸಿಡಿ ಅಂಗಡಿಯಲ್ಲಿ ಇರಬೇಕಿತ್ತು, ಅಂದರೆ ಕಂಪನಿ ಮನಸ್ಸು ಮಾಡಬೇಕಿತ್ತು. 2007ರ ಜನವರಿಯಿಂದ ಸಿಡಿ ಇರಲಿ ಬಿಡಲಿ, ಡೌನ್‌ಲೋಡ್ ಮಾರಾಟವೂ ಲೆಕ್ಕಕ್ಕೆ ಬಂತು. ಈಗ ಯಾವ ಕಾಲದ ಹಾಡಾದರೂ ಸರಿ, ಸಾಕಷ್ಟು ಜನ ಒಂದೇ ವಾರದಲ್ಲಿ ಕೊಂಡರೆ ಚಾರ್ಟ್‌ಗೆ ಬರಬಹುದು. ಯಾರ ಅಪ್ಪಣೆಯೂ ಬೇಡ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಫೇಸ್‌ಬುಕ್ ಬಂತು. ಚಾರ್ಟ್ ಕ್ಯಾಂಪೇನ್ ಹುಟ್ಟಿದ್ದು ಈ ಎರಡರ ನಡುವೆ.

2008ರಲ್ಲಿ ಬರ್ಕ್ ಹಾಡಿದ್ದು 'ಹಲೆಲೂಯಾ'. ಲಿಯೊನಾರ್ಡ್ ಕೋಹೆನ್ 1984ರಲ್ಲಿ ಹಾಡಿದ್ದ ಹಾಡು ಅದು, ಜೆಫ್ ಬಕ್ಲಿ 1994ರಲ್ಲಿ ತನ್ನ ರೀತಿಯಲ್ಲಿ ಹಾಡಿದ್ದ. ಬಕ್ಲಿ ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. ಅವನ ಅಭಿಮಾನಿಗಳಿಗೆ ಇದು ಸಹಿಸಲಿಲ್ಲ, ಅವನ ಹಾಡನ್ನೇ ಕೊಳ್ಳಿ ಅಂತ ಹೊರಟರು. ಆ ಕ್ರಿಸ್‌ಮಸ್ ವಾರದ ಚಾರ್ಟ್ ನೋಡಿ: ಮೊದಲ ಸ್ಥಾನದಲ್ಲಿ ಬರ್ಕ್, ಎರಡನೆಯದರಲ್ಲಿ ಬಕ್ಲಿ, 36ರಲ್ಲಿ ಕೋಹೆನ್. ಮೂವರದ್ದೂ ಒಂದೇ ಹಾಡು! ಸೋತರೂ ಒಂದು ವಿಷಯ ಗೊತ್ತಾಯಿತು, ಸತ್ತು ಹೋದ ಗಾಯಕನನ್ನು ಜನ ಸೇರಿ ಎರಡನೇ ಸ್ಥಾನದ ತನಕ ತರಬಹುದು.

ಇನ್ನು 2009. ಈ ಪದಕ್ಕೆ ಗಟ್ಟಿ ಅರ್ಥ ಬಂದದ್ದು ಆ ವರ್ಷ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಎಸೆಕ್ಸ್‌ನ ಜಾನ್ ಮತ್ತು ಟ್ರೇಸಿ ಮಾರ್ಟರ್ ಅನ್ನುವ ದಂಪತಿ ಹಿಂದಿನ ವರ್ಷ ರಿಕ್ ಆಸ್ಲಿಯ ಹಳೇ ಹಾಡನ್ನು ಮೇಲೆ ತರಲು ನೋಡಿದ್ದರು. ಆಗಿರಲಿಲ್ಲ. ಈ ಸಲ ಆರಿಸಿಕೊಂಡದ್ದು ಅಮೆರಿಕದ 'ರೇಜ್ ಅಗೇನ್‌ಸ್ಟ್ ದ ಮಷೀನ್' ಬ್ಯಾಂಡ್‌ನ 1992ರ 'ಕಿಲ್ಲಿಂಗ್ ಇನ್ ದ ನೇಮ್'. ಪೊಲೀಸರ ದೌರ್ಜನ್ಯ, ಬಣ್ಣದ ಮೇಲೆ ಮಾಡುವ ಭೇದ, ಇದರ ಮೇಲಿನ ಸಿಟ್ಟಿನ ಹಾಡು. ಹಬ್ಬಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಹಾಡಿನ ಕೊನೆ ನೋಡಿ: ನೀನು ಹೇಳಿದ ಹಾಗೆ ನಾನು ಕೇಳುವುದಿಲ್ಲ ಅನ್ನುವ ಒಂದೇ ಸಾಲನ್ನು ಬೈಗುಳದ ಜೊತೆ ಮತ್ತೆ ಮತ್ತೆ ಹೇಳುತ್ತಾ, ದನಿ ಏರಿಸುತ್ತಾ ಹೋಗಿ ಕೊನೆಗೆ ಅರಚುತ್ತಾರೆ. ಈ ಹಾಡನ್ನೇ ಕೊಳ್ಳಿ ಅಂದಷ್ಟೂ ಜನಕ್ಕೆ ಆ ಸಾಲು ತಾವೇ ಹೇಳಿದ ಹಾಗಾಯಿತು. ಕ್ಯಾಂಪೇನ್‌ಗೆ ಹಾಡು ಆರಿಸುವುದು ಅಂದರೆ ಇದು, ಸುಮ್ನೆ ಇಷ್ಟದ ಹಾಡು ಸಾಲದು, ಆ ಹಾಡೇ ವಾದ ಮಾಡಬೇಕು.

ಎದುರಿಗೆ ಇದ್ದದ್ದು ಜೋ ಮೆಕೆಲ್ಡೆರಿ. ಸೌತ್ ಶೀಲ್ಡ್ಸ್‌ನ 18 ವರ್ಷದ ಹುಡುಗ. ಅವನ ಸಿಂಗಲ್ 'ದ ಕ್ಲೈಂಬ್', ಅದೇ ವರ್ಷ ಮೈಲಿ ಸೈರಸ್ ಹಾಡಿದ್ದರ ಮರುಗಾಯನ.

ಡಿಸೆಂಬರ್ 17ರ ಬೆಳಿಗ್ಗೆ ಬಿಬಿಸಿ ರೇಡಿಯೊ 5 ಲೈವ್‌ನವರು ಆ ಬ್ಯಾಂಡ್‌ನಿಂದ ನೇರಪ್ರಸಾರದಲ್ಲಿ ಹಾಡಿಸಿದರು. ಜನ ತಿಂಡಿ ತಿನ್ನುವ ಹೊತ್ತು. ಬೈಗುಳ ಬಿಟ್ಟು ಹಾಡಿ ಅಂತ ಮೊದಲೇ ಹೇಳಿದ್ದರು. ಹಾಡು ಶುರುವಾಯಿತು. ಆ ಸಾಲು ಬಂದಾಗ ಗಾಯಕ ಝ್ಯಾಕ್ ಡೆ ಲಾ ರೋಚಾ ಬೈಗುಳದ ಜಾಗವನ್ನು ಖಾಲಿ ಬಿಟ್ಟ. ಇನ್ನೊಮ್ಮೆ ಬಂತು, ಆಗಲೂ ಬಿಟ್ಟ. ಹೀಗೆ ಹೋಗುತ್ತಾ ಹೋಗುತ್ತಾ ದನಿ ಏರಿತು, ಇದ್ದಕ್ಕಿದ್ದ ಹಾಗೆ ಆ ಪದ ಪೂರ್ತಿಯಾಗಿ ಹೊರಗೆ ಬಂತು. ಒಂದಲ್ಲ, ಹಲವು ಸಲ. ಸ್ಟುಡಿಯೊದವರು ಗಡಿಬಿಡಿಯಲ್ಲಿ ಹಾಡು ನಿಲ್ಲಿಸಿ ಕೇಳುಗರ ಕ್ಷಮೆ ಕೇಳಿದರು. ನೀನು ಹೇಳಿದ ಹಾಗೆ ಕೇಳಲ್ಲ ಅನ್ನುವ ಹಾಡನ್ನು ಹೇಳಿದ ಹಾಗೆ ಹಾಡಿ ಅಂದರೆ ಇನ್ನೇನಾಗುತ್ತದೆ, ಅಲ್ವಾ?

ಮೂರು ದಿನ ಬಿಟ್ಟು, ಡಿಸೆಂಬರ್ 20ರ ಭಾನುವಾರ, ಚಾರ್ಟ್ ಬಂತು. ರೇಜ್‌ನ ಹಾಡು 5,02,672. ಮೆಕೆಲ್ಡೆರಿಯದು 4,50,838. ಸಿಡಿಯೇ ಇಲ್ಲದೆ, ಬರೀ ಡೌನ್‌ಲೋಡ್‌ನಿಂದ ಕ್ರಿಸ್‌ಮಸ್ ನಂಬರ್ ಒನ್ ಆದ ಮೊದಲ ಹಾಡು ಇದು. ಹುಡುಗನ ಹಾಡಿಗೆ ಡೌನ್‌ಲೋಡ್ ಜೊತೆಗೆ ಸೂಪರ್‌ಮಾರ್ಕೆಟ್‌ನಲ್ಲಿ ಸಿಡಿಯೂ ಇತ್ತು, ಕೋಟಿ ಜನ ನೋಡಿದ ಫೈನಲ್‌ನ ಬಲವೂ ಇತ್ತು. ಆದರೂ ಐವತ್ತು ಸಾವಿರಕ್ಕೂ ಜಾಸ್ತಿ ಅಂತರ.

ಹಾಡು ಕೊಳ್ಳುವುದರ ಜೊತೆಗೇ ಮನೆಯಿಲ್ಲದವರಿಗೆ ನೆರವಾಗುವ 'ಶೆಲ್ಟರ್' ಸಂಸ್ಥೆಗೆ ಜನ ದುಡ್ಡು ಕಳಿಸಿದ್ದರು. ಬ್ಯಾಂಡ್‌ನವರೂ ಕೊಟ್ಟರು. ಗೆದ್ದರೆ ಬಂದು ಬಿಟ್ಟಿಯಾಗಿ ಹಾಡುತ್ತೇವೆ ಅಂದಿದ್ದರು, ಮಾತು ಉಳಿಸಿಕೊಂಡರು. 2010ರ ಜೂನ್ 6ರಂದು ಲಂಡನ್ನಿನ ಫಿನ್ಸ್‌ಬರಿ ಪಾರ್ಕ್‌ನಲ್ಲಿ ಸುಮಾರು 40,000 ಜನರ ಮುಂದೆ ಟಿಕೆಟ್‌ಗೆ ದುಡ್ಡು ತೆಗೆದುಕೊಳ್ಳದ ಕಛೇರಿ ನಡೆಯಿತು.

ಇಲ್ಲಿ ಒಂದು ತಕರಾರು ಯಾವಾಗಲೂ ಬರುತ್ತದೆ, ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ರೇಜ್ ಬ್ಯಾಂಡ್‌ನ ಹಾಡೂ ಸೋನಿಯದ್ದೇ, ಮೆಕೆಲ್ಡೆರಿಯ ಹಾಡೂ ಸೋನಿಯ ಕಡೆಯದ್ದೇ. ಯಾರು ಗೆದ್ದರೂ ದುಡ್ಡು ಹೋದದ್ದು ಒಂದೇ ಗಲ್ಲಾಪೆಟ್ಟಿಗೆಗೆ, ಇನ್ನು ಇದೆಂಥ ಪ್ರತಿಭಟನೆ ಅಂತ ಕೇಳುತ್ತಾರೆ. ಮಾತು ನಿಜ. ಆದರೆ ಜನ ಹೊರಟಿದ್ದು ಕಂಪನಿಗೆ ನಷ್ಟ ಮಾಡುವುದಕ್ಕೆ ಅಲ್ಲವಲ್ಲ. ಭಾನುವಾರ ಸಂಜೆ ಯಾವ ಹಾಡು ಬರುತ್ತದೋ ಅಂತ ಕಾಯುವ ಸುಖ ಅವರಿಗೆ ವಾಪಸ್ ಬೇಕಿತ್ತು. 2009ರಲ್ಲಿ ಅದು ಸಿಕ್ಕಿತು. ನನಗೆ ಈ ಪದದ ತಿರುಳು ಕಾಣುವುದು ಅಲ್ಲೇ, ಹಾಡಿಗಿಂತ ಆ ಕಾಯುವಿಕೆಯಲ್ಲಿ.

ಮನಸ್ಸಿಗೆ ಕಸಿವಿಸಿ ಆಗುವುದು ಆ ಹುಡುಗನ ವಿಷಯದಲ್ಲಿ. ಹದಿನೆಂಟರ ಹುಡುಗ ಚೆನ್ನಾಗಿ ಹಾಡಿ ಗೆದ್ದಿದ್ದ. ಶೋ ಮೇಲಿನ ಸಿಟ್ಟು ಬಂದು ತಾಗಿದ್ದು ಅವನಿಗೆ. ಮುಂದಿನ ವಾರ ಅವನ ಹಾಡೇ ಮೊದಲ ಸ್ಥಾನಕ್ಕೆ ಬಂತು, ಆದರೆ ಅಷ್ಟು ಹೊತ್ತಿಗೆ ಹಬ್ಬ ಮುಗಿದಿತ್ತು. ಕ್ಯಾಂಪೇನ್ ಅಂದ ಮೇಲೆ ಎದುರಿಗೆ ಒಂದು ಮುಖ ಇದ್ದೇ ಇರುತ್ತದೆ, ಆ ಮುಖ ತಪ್ಪು ಮಾಡಿದವರದ್ದೇ ಆಗಿರುವುದಿಲ್ಲ. ಇದನ್ನು ಮರೆತು ಬರೀ ಗೆಲುವಿನ ಕಥೆ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಮುಂದಿನ ವರ್ಷ ಎಲ್ಲರೂ ಕ್ಯಾಂಪೇನ್ ಮಾಡುವವರೇ. 2010ರದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು 'ಕೇಜ್ ಅಗೇನ್‌ಸ್ಟ್ ದ ಮಷೀನ್'. ಅಮೆರಿಕದ ಸಂಗೀತಗಾರ ಜಾನ್ ಕೇಜ್ 1952ರಲ್ಲಿ ಒಂದು ಕೃತಿ ರಚಿಸಿದ್ದರು, ನಾಲ್ಕು ನಿಮಿಷ ಮೂವತ್ಮೂರು ಸೆಕೆಂಡ್. ಅದರಲ್ಲಿ ಯಾರೂ ಏನೂ ನುಡಿಸುವುದಿಲ್ಲ. ಲಂಡನ್ನಿನ ಒಂದು ಸ್ಟುಡಿಯೊದಲ್ಲಿ ಹತ್ತಾರು ಸಂಗೀತಗಾರರು ಸೇರಿ, ವಾದ್ಯ ಇದ್ದೂ ಮುಟ್ಟದೆ, ಅಷ್ಟು ಹೊತ್ತು ಸುಮ್ಮನಿದ್ದು ಅದನ್ನು ರೆಕಾರ್ಡ್ ಮಾಡಿದರು. ಆ ಮೌನವನ್ನು ಜನ ದುಡ್ಡು ಕೊಟ್ಟು ಕೊಂಡರು! 21ನೇ ಸ್ಥಾನಕ್ಕೆ ಬಂತು. ಗೆದ್ದದ್ದು ಎಕ್ಸ್ ಫ್ಯಾಕ್ಟರ್‌ನ ಮ್ಯಾಟ್ ಕಾರ್ಡಲ್. ಒಂದೇ ಹಾಡಿನ ಹಿಂದೆ ನಿಲ್ಲಬೇಕಿದ್ದ ಜನ ಆ ವರ್ಷ ನಾಲ್ಕಾರು ಹಾಡುಗಳಿಗೆ ಹಂಚಿಹೋದರು. ಓಟು ಒಡೆದರೆ ಏನಾಗುತ್ತದೆ ಅಂತ ನಮಗೆ ಬೇರೆ ಹೇಳಬೇಕಾಗಿಲ್ಲ. 2011ರಲ್ಲಿ ನಿರ್ವಾಣ ಬ್ಯಾಂಡ್‌ನ ಹಾಡನ್ನು, 2013ರಲ್ಲಿ ಎಸಿ/ಡಿಸಿಯದ್ದನ್ನು ಎತ್ತಿಕೊಂಡರು. ಎರಡೂ ಮೊದಲ ಸ್ಥಾನದ ತನಕ ಬರಲಿಲ್ಲ.

ಎಕ್ಸ್ ಫ್ಯಾಕ್ಟರ್‌ಗೆ ಮತ್ತೆ ತಡೆ ಬಂದದ್ದು ಬೇರೆ ದಿಕ್ಕಿನಿಂದ. 2011ರಲ್ಲಿ ಸೈನಿಕರ ಹೆಂಡತಿಯರ ಒಂದು ಗಾಯನ ತಂಡ ಕ್ರಿಸ್‌ಮಸ್ ನಂಬರ್ ಒನ್ ಆಯಿತು. 2012ರಲ್ಲಿ ಹಿಲ್ಸ್‌ಬರೋ ದುರಂತದವರಿಗಾಗಿ ಮಾಡಿದ ಹಾಡು ಗೆದ್ದಿತು. 1989ರಲ್ಲಿ ಶೆಫೀಲ್ಡ್‌ನ ಫುಟ್‌ಬಾಲ್ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಸತ್ತ ಲಿವರ್‌ಪೂಲ್ ಅಭಿಮಾನಿಗಳ ಮನೆಯವರು ನ್ಯಾಯಕ್ಕಾಗಿ ಹೋರಾಡುತ್ತಲೇ ಇದ್ದರು, ಸಂಗ್ರಹವಾದ ದುಡ್ಡು ಅವರ ಕಾನೂನು ಹೋರಾಟಕ್ಕೆ. 2015ರಲ್ಲಿ ಲಂಡನ್ನಿನ ಸರ್ಕಾರಿ ಆಸ್ಪತ್ರೆಗಳ ಡಾಕ್ಟರು, ನರ್ಸುಗಳ ತಂಡ ಗೆದ್ದಿತು. ಆಗ ಮೊದಲ ಸ್ಥಾನದಲ್ಲಿ ಇದ್ದ ಜಸ್ಟಿನ್ ಬೀಬರ್, ನನ್ನದು ಬಿಡಿ, ಅವರದ್ದನ್ನೇ ಕೊಳ್ಳಿ ಅಂತ ತನ್ನ ಅಭಿಮಾನಿಗಳಿಗೆ ಹೇಳಿದ. ಆ ವರ್ಷದ ಎಕ್ಸ್ ಫ್ಯಾಕ್ಟರ್ ವಿಜೇತೆಯ ಹಾಡು ಒಂಬತ್ತನೇ ಸ್ಥಾನಕ್ಕೆ ನಿಂತಿತು. ಇಷ್ಟು ಹೊತ್ತಿಗೆ ಯಾರನ್ನೋ ಸೋಲಿಸಬೇಕು ಅನ್ನುವ ಹಟ ಹಿಂದೆ ಸರಿದು, ಯಾರಿಗೋ ನೆರವಾಗಬೇಕು ಅನ್ನುವುದು ಮುಂದೆ ಬಂದಿತ್ತು.

ಪದ ಕ್ರಿಸ್‌ಮಸ್‌ನ ಆಚೆಗೂ ಹೋಯಿತು. 2013ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ತೀರಿಕೊಂಡಾಗ ಅವರ ವಿರೋಧಿಗಳು 1939ರ 'ದಿ ವಿಝರ್ಡ್ ಆಫ್ ಆಝ್' ಸಿನಿಮಾದ, ಮಾಟಗಾತಿ ಸತ್ತಳು ಅಂತ ಕುಣಿಯುವ ಹಾಡನ್ನು ಕೊಂಡು ಎರಡನೇ ಸ್ಥಾನಕ್ಕೆ ತಂದರು. ಬಿಬಿಸಿ ಅದನ್ನು ಪೂರ್ತಿ ಹಾಕಲಿಲ್ಲ, ಸುದ್ದಿಯ ನಡುವೆ ಕೆಲವೇ ಸೆಕೆಂಡ್ ಕೇಳಿಸಿತು. ಸಾವಿನ ಮನೆಯ ಮುಂದೆ ತಮಟೆ ಹೊಡೆದು ಕುಣಿದ ಹಾಗೆ ಅದು, ನನಗೆ ಹಿಡಿಸಲಿಲ್ಲ. ಆದರೆ ಅದೂ ಚಾರ್ಟ್ ಕ್ಯಾಂಪೇನೇ, ದಾರಿ ಅದೇ.

ಈಗ ಈ ಕೆಲಸ ಕಷ್ಟವಾಗಿದೆ. 2014ರ ಜುಲೈನಿಂದ ಸ್ಟ್ರೀಮಿಂಗ್ ಕೂಡ ಚಾರ್ಟ್‌ಗೆ ಸೇರಿತು, ಶುರುವಿನಲ್ಲಿ 100 ಸಲ ಕೇಳಿದರೆ ಒಂದು ಮಾರಾಟ ಅಂತ ಲೆಕ್ಕ. ಕೊಳ್ಳುವುದು ಒಂದು ಸಲದ ತೀರ್ಮಾನ, ಬಸ್ಸಿನಲ್ಲಿ ಕೂತು ಎರಡು ನಿಮಿಷದಲ್ಲಿ ಮುಗಿಸಬಹುದು. ಕೇಳುವುದು ಹಾಗಲ್ಲ, ಅದು ಅಭ್ಯಾಸ. ಡಿಸೆಂಬರ್‌ನಲ್ಲಿ ಅಂಗಡಿ, ಆಫೀಸು, ಮನೆ ಎಲ್ಲ ಕಡೆ ಹಳೇ ಹಬ್ಬದ ಹಾಡುಗಳು ದಿನವಿಡೀ ಓಡುತ್ತಲೇ ಇರುತ್ತವೆ, ಅವುಗಳ ಎದುರು ಒಂದು ವಾರದ ಹುರುಪು ಸಾಲುವುದಿಲ್ಲ. ಎಕ್ಸ್ ಫ್ಯಾಕ್ಟರ್ ಕೂಡ 2018ರ ಸೀಸನ್ ಆದ ಮೇಲೆ ಹಳೇ ರೂಪದಲ್ಲಿ ಬರಲೇ ಇಲ್ಲ. 1984ರಲ್ಲಿ ಎರಡನೇ ಸ್ಥಾನಕ್ಕೆ ನಿಂತಿದ್ದ ವ್ಯಾಮ್ ಜೋಡಿಯ 'ಲಾಸ್ಟ್ ಕ್ರಿಸ್‌ಮಸ್' 2023ರಲ್ಲಿ ಕ್ರಿಸ್‌ಮಸ್ ನಂಬರ್ ಒನ್ ಆಯಿತು. 2024ರಲ್ಲೂ ಅದೇ ಹಾಡು.