ವ್ಯಾಂಡಲಿಸಂ ಅಲ್ಲ, ಮೂರ್ತಿಭಂಜನೆ

ಅಮೆರಿಕದ ಕಲಾವಿದ ಆಂಡ್ರೆಸ್ ಸೆರಾನೊ ತೆಗೆದ ಶಿಲುಬೆಯ ಫೋಟೊವನ್ನು ಒಡೆದ ಸುದ್ದಿ ಎಲ್ಲಿ ಬಂದರೂ ಪಕ್ಕದಲ್ಲೇ 'ವ್ಯಾಂಡಲಿಸಂ', ಅಂದರೆ ಸುಮ್ನೆ ಹಾಳುಗೆಡವುವುದು, ಅನ್ನುವ ಪದ ಇರುತ್ತದೆ. ಮೊನ್ನೆಯೂ ಹಾಗೇ ಓದಿದೆ. ಆ ಪದ ಅಲ್ಲಿಗೆ ಹೊಂದುವುದೇ ಇಲ್ಲ.

ವ್ಯಾಂಡಲರು ಒಂದು ಜರ್ಮನಿಕ್ ಬುಡಕಟ್ಟಿನವರು. 455ರಲ್ಲಿ ರೋಮ್ ನಗರಕ್ಕೆ ನುಗ್ಗಿ ಎರಡು ವಾರ ಲೂಟಿ ಮಾಡಿದರು. ಗಮನಿಸಿ, ಲೂಟಿ. ಬೆಲೆಬಾಳುವುದನ್ನು ಹೊತ್ತೊಯ್ಯಲು ಬಂದವರು ಅದನ್ನು ಒಡೆಯುತ್ತಾ ಕೂರುವುದಿಲ್ಲ, ಅಲ್ವಾ? ಅವರ ಹೆಸರಿಗೆ 'ಸುಮ್ನೆ ಹಾಳು ಮಾಡುವುದು' ಅನ್ನುವ ಅರ್ಥ ಗಟ್ಟಿಯಾಗಿ ಅಂಟಿದ್ದು 1794ರಲ್ಲಿ. ಅಂಟಿಸಿದವರು ಫ್ರಾನ್ಸಿನ ಪಾದ್ರಿ ಆನ್ರಿ ಗ್ರೆಗ್ವಾರ್. ಆಗಿನ ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ ಜನ ಅರಮನೆ, ಚರ್ಚುಗಳ ಶಿಲ್ಪಗಳನ್ನು ಒಡೆಯುತ್ತಿದ್ದರು. ಅದು ನಿಲ್ಲಲಿ ಅಂತಲೇ ಈ ಪದ ಕಟ್ಟಿದೆ ಎಂದು ಅವರು ಮುಂದೆ ಬರೆದುಕೊಂಡರು.

ಅವರ ಉದ್ದೇಶ ಒಳ್ಳೆಯದೇ. ಆದರೆ ಒಡೆದವರಿಗೂ ಒಂದು ಕಾರಣ ಇತ್ತು, ಈ ಪದ ಅದನ್ನು ಮುಚ್ಚಿಹಾಕಿತು. ಹಿಂದಿನ ವರ್ಷ ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚಿನ ಮುಂಭಾಗದಲ್ಲಿದ್ದ 28 ರಾಜರ ಮೂರ್ತಿಗಳ ತಲೆ ಕಡಿದಿದ್ದರು. ಅವರೆಲ್ಲ ಬೈಬಲ್ಲಿನ ರಾಜರು. ಜನ ಮಾತ್ರ ಫ್ರಾನ್ಸಿನ ರಾಜರು ಅಂದುಕೊಂಡಿದ್ದರು. ನಿಜವಾದ ರಾಜನ ತಲೆಯೂ ಅದೇ 1793ರಲ್ಲಿ ಉರುಳಿತ್ತು. ತಪ್ಪು ತಿಳಿದಿದ್ದರು ಸರಿ, ಸುಮ್ನೆ ಒಡೆದದ್ದಲ್ಲ.

ಇದಕ್ಕೆ ನಮ್ಮಲ್ಲೇ ಪದ ಇದೆ: ಮೂರ್ತಿಭಂಜನೆ. ಮೂರ್ತಿ ಅಂದರೆ ರೂಪ, ಕಲ್ಲಿನದ್ದೇ ಆಗಬೇಕಿಲ್ಲ. ಆ ರೂಪಕ್ಕೆ ಶಕ್ತಿ ಇದೆ, ಅದು ಇರಕೂಡದು ಅಂತ ನಂಬಿ ಒಡೆಯುವುದು ಭಂಜನೆ. ಸ್ವಲ್ಪ ಖಾರವಾಗಿ ಬರೆದವರನ್ನೆಲ್ಲ 'ಮೂರ್ತಿಭಂಜಕ' ಅಂತ ಹೊಗಳಿ ಹೊಗಳಿ ನಾವು ಈ ಪದವನ್ನು ಸವೆಸಿಬಿಟ್ಟಿದ್ದೇವೆ.

ಈಗ ಸೆರಾನೊ ಫೋಟೊ ನೋಡಿ. 1987ರದ್ದು. ಕಲಾವಿದನ ಮೂತ್ರದಲ್ಲಿ ಮುಳುಗಿಸಿದ ಪುಟ್ಟ ಪ್ಲಾಸ್ಟಿಕ್ ಶಿಲುಬೆ. 2011ರಲ್ಲಿ ಫ್ರಾನ್ಸಿನ ಅವಿನ್ಯೋನ್‌ ಊರಿನ ಕಲಾ ಮ್ಯೂಸಿಯಂನಲ್ಲಿ ಅದನ್ನು ತೂಗುಹಾಕಿದಾಗ, ತೆಗೆಯಿರಿ ಎಂದು ಅಲ್ಲಿನ ಆರ್ಚ್‌ಬಿಷಪ್ ಕೇಳಿದರು, ಜನ ಬೀದಿಗಿಳಿದರು. ಏಪ್ರಿಲ್ 17, ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ, ಕೆಲವರು ಸುತ್ತಿಗೆ ಹಿಡಿದು ಒಳಗೆ ಬಂದರು. ದಿನ ನೋಡಿ, ಗುರಿ ನೋಡಿ. ಸೆರಾನೊದೇ ಇನ್ನೊಂದು ಫೋಟೊಗೂ ಏಟು ಬಿತ್ತು. ಅದರಲ್ಲಿದ್ದದ್ದು ಒಬ್ಬ ಸನ್ಯಾಸಿನಿಯ ಕೈಗಳು, ಅಷ್ಟೇ.

ಕಾರಣ ಇತ್ತು ಅಂದರೆ ಮಾಡಿದ್ದು ಸರಿ ಅಂತಲ್ಲ. ಆ ಫೋಟೊ ಒಡೆದದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಆದರೆ ಬಸ್ಸಿನ ಸೀಟು ಹರಿಯುವವನಿಗೂ ಇವರಿಗೂ ಒಂದೇ ಪದ ಹಾಕಿದರೆ, ಅವರು ಯಾವುದಕ್ಕೆ ಹೆದರಿದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಇನ್ನು 2022ರಲ್ಲಿ ಲಂಡನ್ನಿನಲ್ಲಿ ವಾನ್ ಗೋ ಬಿಡಿಸಿದ ಸೂರ್ಯಕಾಂತಿ ಹೂಗಳ ಚಿತ್ರದ ಮೇಲೆ ಟೊಮೆಟೊ ಸೂಪ್ ಎರಚಿದ್ದನ್ನೂ ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಎರಚಿದವರು ಹವಾಮಾನ ಹೋರಾಟಗಾರರು. ಅಲ್ಲಿ ಹೂವಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ಸಿಟ್ಟು ಇದ್ದದ್ದು ನೆಲದಿಂದ ತೆಗೆಯುವ ತೈಲದ ಮೇಲೆ. ಮುಂದೆ ಗಾಜಿತ್ತು, ಚಿತ್ರ ಉಳಿಯಿತು. ಅವಿನ್ಯೋನ್‌ನಲ್ಲಾದರೋ ಮ್ಯೂಸಿಯಂ ಮತ್ತೆ ಬಾಗಿಲು ತೆರೆದಾಗ, ಒಡೆದ ಫೋಟೊವನ್ನು ಒಡೆದ ಹಾಗೇ ಜನರ ಮುಂದೆ ಇಟ್ಟರು.